ಕಡಲೆ ಹೊಲದ ಗಡಿ ಗಸ್ತು

ಎಂಬತ್ತರ ದಶಕದಲ್ಲಿ ಅಣ್ಣಿಗೇರಿಯ ನಮ್ಮ ಓಣಿಯಲ್ಲಿ ಸಂಖ್ಯಾಶಾಸ್ತ್ರ ಓದಿದವನು ನಾನೊಬ್ಬನೇ. ಹಾಗಾಗಿ ಹೊಲ ಕಾಯುವುದು ತೀರಾ ಸಣ್ಣ ಕೆಲಸ ಅನ್ನಿಸಿತ್ತು!

ಅಪ್ಪ ಕಣ್ಣಿನ ಆಪರೇಷನ್ನಿಗೆ ಹುಬ್ಬಳ್ಳಿಗೆ ಹೊರಟಿದ್ದರು. ಹಾದಿಬದಿಯ ತುಂಡು ಹೊಲದ ಕಡಲೆಯನ್ನು ಮುಂದಿನ ಬಿತ್ತನೆಗೆಂದೇ ಬಿಟ್ಟಿದ್ದರು.

“ತಮ್ಮಾ, ಬೀಜದ ಕಡಲಿ ಅದು. ಹಾದಿಗೆ ಹೋಗವ್ರು ಹಸಿ ಸುಲಗಾಯಿ ಹರಕೊಂಡು ತಿಂತಾರ, ಹುಷಾರು.”

“ನೀ ಆರಾಮ ಹೋಗಿ ಬಾರಪಾ. ಒಂದು ಕಾಯಿನೂ ಹೋಗಂಗಿಲ್ಲ,” ಎಂದೆ.

ಪಡಸಾಲೆಯ ಗೋಡೆಯ ಮೇಲೆ ಹೊಲದ ನಕ್ಷೆ ಬರೆದು, ಗಿಡ ಬೋಳಾದ ಜಾಗಕ್ಕೆಲ್ಲ ಸುಣ್ಣದ ಚುಕ್ಕೆ ಇಟ್ಟೆ. ಚುಕ್ಕೆ ಹೆಚ್ಚಿದ್ದಲ್ಲಿ ಗಸ್ತು ಹೆಚ್ಚು ಎಂಬುದು ನನ್ನ ವೈಜ್ಞಾನಿಕ ಸೂತ್ರ. ಚಿಕ್ಕಪ್ಪನ ಮಗ ಬಸ್ಯಾನನ್ನು ಸಹಾಯಕ ಗಸ್ತು ಅಧಿಕಾರಿಯಾಗಿ ನೇಮಿಸಿದೆ. ಇಬ್ಬರೂ ಹರಟೆ ಹೊಡೆಯುತ್ತ ಬದುವಿನ ಮೇಲೆ ತಿರುಗುತ್ತಿದ್ದೆವು. ಎಳೆಬಿಸಿಲು, ಎರೆಮಣ್ಣಿನ ವಾಸನೆ, ಕಡಲೆ ಗಿಡದ ಹುಳಿ ಗಾಳಿ. ಅಂಥ ಸುಖದ ನೌಕರಿ ನನಗೆ ಮತ್ತೆ ಸಿಗಲಿಲ್ಲ.

ಚುಕ್ಕೆಗಳು ಹೆಚ್ಚಿದವು. ಗಸ್ತು ಹೆಚ್ಚಿಸಿದೆ. ಚುಕ್ಕೆಗಳು ಇನ್ನೂ ಹೆಚ್ಚಿದವು!

ಹೆಂಡತಿ ಶಾಂತಾ ಗೋಡೆ ನೋಡಿ, “ಅಲ್ರೀ, ನೀವು ಹೋದ ಕಡೇನ ಕಳವು ಆಗ್ತದಲ್ಲ?” ಎಂದಳು.

“ಕಳ್ಳ ಭಾಳ ಶಾಣ್ಯಾ ಅದಾನ. ನನ್ನ ಬೆನ್ನ ಹತ್ಯಾನ,” ಎಂದೆ.

“ಹೌದ್ರಿ, ನಿಮ್ಮನ್ನ ಬಿಟ್ಟು ಎಲ್ಲೂ ಹೋಗಂಗಿಲ್ಲ ಅವಾ!” ಎಂದು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು.

ಅಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಬಂದವರೇ ಹೊಲಕ್ಕೆ ನಡೆದರು. ಬದುವಿನ ಗುಂಟ ಗಿಡಗಳೆಲ್ಲ ಬೋಳು. ನಾನು ಅಲ್ಲೇ ನಿಂತು ಕಳ್ಳನ ಚಲನವಲನದ ಕುರಿತು ಉಪನ್ಯಾಸ ಶುರು ಮಾಡಿದೆ. ಅಪ್ಪ ನನ್ನ ಕೈಯನ್ನೇ ನೋಡುತ್ತಿದ್ದರು.

“ತಮ್ಮಾ, ಕಳ್ಳ ಸಿಕ್ಕಾನ.”

“ಎಲ್ಲಿ?”

“ಮೊದಲ ಬಾಯಾಗಿಂದು ನುಂಗು.”

ಮಾತಿನ ಭರದಲ್ಲಿ ನನ್ನ ಕೈ ತಾನಾಗಿ ಕಾಯಿ ಹರಿದು, ಸುಲಿದು, ಬಾಯಿಗೆ ಹಾಕುತ್ತಿತ್ತು. ಕಾಲ ಬಳಿ ಸಿಪ್ಪೆಯ ಗುಡ್ಡೆ! ಬಸ್ಯಾ ತನ್ನ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಕಡಲೆ ಹೊಲದ ಬದುವಿನ ಮೇಲೆ ನಡೆಯುವವನ ಕೈ ಸುಮ್ಮನಿರುವುದಿಲ್ಲ ಎಂಬುದನ್ನು ನನ್ನ ಸೂತ್ರ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಆ ವರ್ಷ ಬೀಜದ ಕಡಲೆಯನ್ನು ಅಪ್ಪ ನನ್ನ ಮಾವನ ಮನೆಯಿಂದ ಕೇಳಿ ತರಬೇಕಾಯಿತು. ಬೈಯಲಿಲ್ಲ, ನಕ್ಕರು ಅಷ್ಟೇ. ಈಗ ಅಪ್ಪ ಇಲ್ಲ. ಆ ನಗು ಮಾತ್ರ ಇನ್ನೂ ನೆನಪಿದೆ.

ಅದರ ಮುಂದಿನ ಹಂಗಾಮಿಗೆ ಅಪ್ಪ ಹೊಲದಲ್ಲಿ ಬೆದರುಗೊಂಬೆ ನಿಲ್ಲಿಸಿ, ಅದಕ್ಕೆ ನನ್ನ ಅಂಗಿಯನ್ನೇ ತೊಡಿಸಿದರು.

“ಇವಾ ತಿನ್ನಂಗಿಲ್ಲ,” ಎಂದರು.

ಬಾಜು ಮನೆಯಾಕೆ ದೂರದಿಂದ ಅದನ್ನು ನೋಡಿ ಬಂದು ಶಾಂತಾಳಿಗೆ ಹೇಳಿದಳು: “ನಿಮ್ಮ ಯಜಮಾನ್ರು ಈ ವರ್ಷ ಹೊಲಾ ಭಾಳ ಛಲೋ ಕಾಯಾಕತ್ತಾರ ನೋಡ್ರಿ. ನಿಂತ ಜಾಗಾ ಬಿಟ್ಟು ಕದಲಂಗಿಲ್ಲ!”