ಕೂಗಳತೆಯಲ್ಲಿ ವಿಮಾನ

ವಿಮಾನದ ಕ್ಯಾಪ್ಟನ್ ಸೀಟಿನಲ್ಲಿ ನನ್ನನ್ನು ಪರೀಕ್ಷೆಯ ಮೇಲೆ ಕೂರಿಸಿದ್ದರು. ತಪ್ಪು ಕಂಡರೆ ಮತ್ತೆ ಪಕ್ಕದ ಸಹಪೈಲಟ್ ಸೀಟು. ಪರೀಕ್ಷೆ ಕಂಪನಿಯದು ಮಾತ್ರ ಎಂದುಕೊಂಡಿದ್ದೆ. ರಜೆಗೆ ಊರಿಗೆ ಬಂದರೆ ಅಲ್ಲೂ ಯಾರಾದರೊಬ್ಬರು ಪ್ರಶ್ನೆ ಹಿಡಿದು ಕಾದಿರುತ್ತಿದ್ದರು.

೧. ಬದು

ಪಕ್ಕದ ತೋಟದ ಯಜಮಾನರು ಕೇಳಿದರು: "ಬೆಳಗಾವಿಗೆ ನಮ್ಮ ತೋಟದ ಮೇಲೇ ಹೋಯ್ತೀಯಲ್ಲಪ್ಪ, ಆ ಕಡೆಯೋನು ನಮ್ಮ ಬದು ಎಷ್ಟು ಒತ್ತವ್ನೆ, ಒಸಿ ನೋಡ್ಕಂಡು ಬಾ."

"ಅಷ್ಟು ಎತ್ತರದಿಂದ ಬದು ಕಾಣಲ್ಲ ದೊಡ್ಡಪ್ಪ."

"ಬದೂನೇ ಕಾಣ್ದೋನ್ಗೆ ಬೆಳಗಾವಿ ಹೆಂಗ್ಲಾ ಕಾಣುತ್ತೆ?"

೨. ಇಳಿಯುವ ಜಾಗ

ತಿಪಟೂರಿನಲ್ಲಿ ಬಸ್ಸು ಹತ್ತಿ ಪುಸ್ತಕ ತೆರೆದೆ. ತಲೆ ಎತ್ತಿದಾಗ ನಮ್ಮೂರು ಹಾಲ್ಕುರಿಕೆ ಹಿಂದಾಗಿತ್ತು. ಕಂಡಕ್ಟರ್ ಮರುಕದಿಂದ, "ಏನ್ ಕೆಲ್ಸ ಸ್ವಾಮಿ ತಮ್ದು?" ಎಂದ. ಹೇಳಿದೆ. ಆತ ಸೀಟಿ ಊದಿ ಡ್ರೈವರಿಗೆ ಕೂಗಿದ: "ಇಲ್ಲೇ ನಿಲ್ಸಣ್ಣ, ಇವ್ರನ್ನ ಇಳಿಸ್ಬುಡಾಣ. ವಿಮಾನ ಓಡಿಸ್ತಾರಂತೆ, ಪಾಪ, ಯಾರಿಗೂ ಹೇಳ್ಬೇಡ."

೩. ಕೂಗಳತೆ

ಕೊನೆಯ ಪರೀಕ್ಷೆಯ ದಿನ. ಪರೀಕ್ಷಕರು ಉತ್ತರ ಭಾರತದವರು, ಕನ್ನಡ ಬಾರದವರು, ನನ್ನ ಬೆನ್ನ ಹಿಂದೆಯೇ ಕೂತು ಬರೆದುಕೊಳ್ಳುತ್ತಿದ್ದರು. ಹಾಲ್ಕುರಿಕೆ ಹತ್ತಿರವಿದ್ದೇನೆಂದು ರೇಡಿಯೋದಲ್ಲಿ ವರದಿ ಮಾಡಿದೆ. ಕೆಳಗಿನಿಂದ ಕಂಟ್ರೋಲಿನವರು ತಡೆದರು: "ನಮ್ಮ ಲೆಕ್ಕದಲ್ಲಿ ನೀವಿನ್ನೂ ಅಲ್ಲಿಗೆ ಬಂದಿರಬಾರದು. ವಿವರಿಸಿ."

ಹಿಂದೆ ಪೆನ್ನು ನಿಂತಿತು.

"ಬೆನ್ನಿಗೆ ಜೋರು ಗಾಳಿ, ಬೇಗ ಬಂದೆವು. ನಮ್ಮ ತಾಯಿಯ ತೋಟ ಕಾಣುತ್ತಿದೆ," ಎಂದೆ, ಇಂಗ್ಲಿಷಿನಲ್ಲಿ.

"ಅಲ್ಲಿಂದ ಎಷ್ಟು ದೂರ?" ಎಂದಿತು ಕೆಳಗಿನ ದನಿ.

ಗಾಬರಿಗೆ ಬಾಯಿಂದ ಕನ್ನಡ ಜಾರಿತು: "ಒಂದು ಕೂಗಳತೆ."

ಅದೇ ದನಿ, ಮೆಲ್ಲಗೆ, ಕನ್ನಡದಲ್ಲಿ: "ನಾನೂ ಚಿಕ್ಕನಾಯಕನಹಳ್ಳಿಯೋನೇ ಕಣ್ರೀ. ಯಾರ ಕೂಗು?"

"ನಮ್ಮಮ್ಮಂದು."

"ಹಂಗಾರೆ ಎರಡು ಮೈಲಿ. ಸರಿ ಬುಡಿ."

ಪರೀಕ್ಷಕರು ಆ ಅಳತೆ ಯಾವುದೆಂದು ಕೇಳಿದರು. ಸ್ಥಳೀಯ ಅಳತೆ ಎಂದೆ. ಅವರು ಬರೆದರು: "ದಾರಿ ಚೆನ್ನಾಗಿ ಬಲ್ಲರು. ಸೀಟು ಖಾಯಂ ಮಾಡಬಹುದು. ಆದರೆ ದೂರವನ್ನು ಮೈಲಿಯಲ್ಲೇ ಹೇಳತಕ್ಕದ್ದು."

ಊರಿಗೆ ಹೋಗಿ ಅಮ್ಮನಿಗೆ ಎಲ್ಲ ಹೇಳಿದೆ. ಸೀಟಿನ ವಿಚಾರ ಅವಳ ಕಿವಿಗೆ ಬೀಳಲಿಲ್ಲ.

"ಎರಡೇ ಮೈಲೀನಾ? ಅವನ್ಯಾವನ್ಲಾ ಹೇಳಿದ್ದು? ಅವತ್ತೂ ನೀನು ಹೋಗ್ತಿರೋದು ನೋಡಿ, ಊಟ ಮಾಡ್ಕಂಡು ಹೋಗು ಅಂತ ತೋಟದಿಂದ ಕೂಗ್ದೆ. ಊರೆಲ್ಲ ತಿರುಗಿ ನೋಡ್ತು, ನೀನೊಬ್ಬ ನೋಡ್ಲಿಲ್ಲ."