ಅವನನ್ನು ಘಾಟಿ ಹತ್ತಲು ಬಿಡದ ಪುಣ್ಯಾತ್ಮರು

ನಮ್ಮ ಕಡೆ ಒಬ್ಬ ಮನುಷ್ಯ ಕಷ್ಟಪಡುವುದನ್ನು ನೋಡಿ ಸುಮ್ಮನೆ ಹೋಗುವವರು ಇಲ್ಲ. ಅವನು ಖುಷಿಯಿಂದಲೇ ಕಷ್ಟಪಡುತ್ತಿದ್ದಾನೆ ಎಂದರೆ ನಂಬುವವರೂ ಇಲ್ಲ. ಹಾಗಾಗಿ ಇಂಥವು ಆಗುತ್ತಲೇ ಇರುತ್ತವೆ. ನನ್ನ ದೋಸ್ತಿಯ ಆಯುಷ್ಯವೆಲ್ಲ ಇದರಲ್ಲೇ ಕಳೆಯಿತು. ನೆನೆಸಿಕೊಂಡರೆ ನಗು ಬರುತ್ತದೆ, ನಕ್ಕು ಮುಗಿದ ಮೇಲೆ ಎದ್ದು ಮುಖ ತೊಳೆದುಕೊಂಡು ಬರಬೇಕಾಗುತ್ತದೆ.

ಪೆಟ್ಟಿಗೆ

ಸಿದ್ಧಕಟ್ಟೆಯಲ್ಲಿ ನಾನು ಕನ್ನಡ ಮಾಷ್ಟ್ರು. ಪಕ್ಕದ ಬ್ಯಾರಿಗಳ ಮನೆಯವನು ಈ ದೋಸ್ತಿ. ನನಗಿಂತ ಸ್ವಲ್ಪ ಸಣ್ಣವ. ತೊಂಬತ್ತರ ದಶಕದ ಕೊನೆಗೆ ಗಲ್ಫಿನ ಕೆಲಸ ಬಿಟ್ಟು ಊರಿಗೇ ಬಂದ. ಗಲ್ಫಿನವರು ಪೆಟ್ಟಿಗೆ ಬಿಚ್ಚುವಾಗ ನೆರೆಕರೆಯವರು ಹೇಗಾದರೂ ಅಲ್ಲಿರುತ್ತಾರೆ. ನಾನೂ ಇದ್ದೆ. ಸೆಂಟು, ಟಾರ್ಚು, ಕಂಬಳಿ ಬರುತ್ತದೆಂದು ನೋಡಿದರೆ ಹೊರಬಂದದ್ದು ಒಂದು ಗೇರಿನ ಸೈಕಲ್. ಗುಡ್ಡ ಹತ್ತುವುದಕ್ಕೆಂದೇ ಮಾಡಿದ್ದಂತೆ. ದಪ್ಪ ಟಯರು. ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಬೆಲ್ಲೂ ಇಲ್ಲ.

"ಮರಳುಗಾಡಿನಲ್ಲಿ ಚಪ್ಪಟೆ ನೆಲ ನೋಡಿ ನೋಡಿ ಸಾಕಾಯ್ತು ಮಾಷ್ಟ್ರೇ. ನನಗೆ ಏರು ಬೇಕು" ಎಂದ. "ಚಾರ್ಮಾಡಿ ಘಾಟಿಯನ್ನು ಕೆಳಗಿನಿಂದ ಮೇಲಿನವರೆಗೆ ನಾನೇ ತುಳಿದು ಹತ್ತಬೇಕು. ಯಾರ ಸಹಾಯವೂ ಇಲ್ಲದೆ. ಒಂದೇ ಒಂದು ಸಲ. ಮತ್ತೆ ಏನೂ ಬೇಡ."

ಅವನ ತಾಯಿ ಖಾಲಿ ಪೆಟ್ಟಿಗೆಯೊಳಗೆ ಕೈ ಹಾಕಿ ತಡಕಿದರು. ಆಮೇಲೆ ಸೈಕಲನ್ನು ಸುತ್ತ ನೋಡಿ, "ಇಷ್ಟು ವರ್ಷ ದುಡಿದು ಅರ್ಧ ಸೈಕಲ್ ತಂದಿಯಾ ಮಗಾ?" ಎಂದರು.

ಕಂಡಕ್ಟರ್

ಒಂದು ವರ್ಷ ಮನೆಯ ಹಿಂದಿನ ಮುರಕಲ್ಲು ಗುಡ್ಡದಲ್ಲಿ, ರಬ್ಬರ್ ತೋಟದ ದಾರಿಗಳಲ್ಲಿ ಬಿದ್ದು ಎದ್ದು ಅಭ್ಯಾಸ ಮಾಡಿದ. ಮೊಣಕಾಲಿನಲ್ಲಿ ಚರ್ಮ ಉಳಿದಿರಲಿಲ್ಲ. ಆಮೇಲೆ ಒಂದು ಭಾನುವಾರ ಬೆಳ್ತಂಗಡಿ, ಉಜಿರೆ ದಾಟಿ ಘಾಟಿಗೆ ಹೊರಟ. ನಾಲ್ಕನೆಯ ತಿರುವಿನಲ್ಲಿ ಹಿಂದಿನಿಂದ ಬಸ್ಸು ಬಂತು. ಕಂಡಕ್ಟರ್ ಪರಿಚಯದವನೇ.

"ಎಂಥ ಅಣ್ಣ, ಚೈನ್ ಹೋಯ್ತಾ?"

"ಇಲ್ಲ ಮಾರಾಯ, ಎಲ್ಲ ಸರಿ ಉಂಟು. ನೀನು ಹೋಗು."

"ಸರಿ ಇದ್ದರೆ ಈ ಬೆವರು ಎಂಥದ್ದು?"

ಇವನು ಉತ್ತರ ಹೇಳುವಷ್ಟರಲ್ಲಿ ಕ್ಲೀನರ್ ಸೈಕಲನ್ನು ಬಸ್ಸಿನ ಟಾಪಿಗೆ ಏರಿಸಿ ಕಟ್ಟಿಯೂ ಆಗಿತ್ತು. ಸೈಕಲ್ ಹೋದ ಮೇಲೆ ಇವನು ಅಲ್ಲಿ ನಿಂತು ಮಾಡುವುದೇನು? ಹತ್ತಿ ಕುಳಿತ. ಮೇಲೆ ಕೊಟ್ಟಿಗೆಹಾರದಲ್ಲಿ ಇಳಿಸಿದ ಕಂಡಕ್ಟರ್ ಇವನನ್ನು ಬದಿಗೆ ಕರೆದು ಮೆಲ್ಲನೆ ಹೇಳಿದನಂತೆ: "ಮನೆ ಅಂದ ಮೇಲೆ ಜಗಳ ಇರುತ್ತದೆ ಅಣ್ಣ. ಊರು ಬಿಡಬಾರದು. ಸಂಜೆ ಇದೇ ಬಸ್ಸು ವಾಪಸ್ ಉಂಟು, ಬನ್ನಿ."

ಹಬ್ಬದ ಅಕ್ಕಿ

ದಿನಾ ಬೆಳಿಗ್ಗೆ ಮೂಡುಬಿದಿರೆಗೆ ಸೈಕಲಿನಲ್ಲೇ ಹೋಗಿ ಬರುತ್ತಿದ್ದ. ಕಾಲಿಗೆ ಕಸುವು ಬರಲಿ ಎಂದು. ಅಲ್ಲಿ ಇವರ ದೂರದ ಸಂಬಂಧಿಕರೊಬ್ಬರ ಜವಳಿ ಅಂಗಡಿ ಉಂಟು. ಗಲ್ಫಿನಿಂದ ಬಂದವನು ಕಾರಿನಲ್ಲಿ ಬರುವ ಬದಲು ಅಂಗಿ ಒದ್ದೆ ಮಾಡಿಕೊಂಡು ಸೈಕಲ್ ತುಳಿಯುವುದನ್ನು ಅವರು ಅಂಗಡಿಯಿಂದ ನೋಡುತ್ತಲೇ ಇದ್ದರು. ಒಂದು ಮಾತೂ ಕೇಳಲಿಲ್ಲ. ದೊಡ್ಡ ಮನುಷ್ಯರು.

ರಂಜಾನ್ ಉಪವಾಸ ಮುಗಿದು ಹಬ್ಬದ ಹಿಂದಿನ ರಾತ್ರಿ ಬಡವರ ಮನೆಗೆ ಅಕ್ಕಿ ದಾನ ಕೊಡುವ ಕ್ರಮ ಅವರಲ್ಲಿ ಉಂಟು. ಆ ವರ್ಷ ಒಂದು ರಿಕ್ಷಾ ಬಂದು ಇವನ ಜಗಲಿಯಲ್ಲಿ ಒಂದು ಮೂಟೆ ಅಕ್ಕಿ ಇಳಿಸಿ, ಯಾರು ಕೊಟ್ಟದ್ದೆಂದು ಸಹ ಹೇಳದೆ ಹೋಯಿತು. ಅವನ ಹೆಂಡತಿ ಬಾಗಿಲ ಹಿಂದೆ ನಿಂತು ಅಳುವುದು ನನ್ನ ಮನೆಗೂ ಕೇಳುತ್ತಿತ್ತು.

ಕಳಿಸಿದವರು ಯಾರೆಂದು ಇವನಿಗೆ ಗೊತ್ತಾಗದೆ ಇರುತ್ತದೆಯೇ! "ಈಗಲೇ ಹೋಗಿ ವಾಪಸ್ ಕೊಟ್ಟು ಬರ್ತೇನೆ" ಎಂದು ಹಾರಾಡಿದ.

ಹೆಂಡತಿ ಕಣ್ಣು ಒರೆಸಿಕೊಂಡು ಹೇಳಿದಳು: "ಹೋಗಿ. ಆ ಸೈಕಲಿನಲ್ಲೇ ಹೇರಿಕೊಂಡು ಹೋಗಿ. ಬರುವಾಗ ಎರಡು ಮೂಟೆ ಕೊಟ್ಟು ಕಳಿಸ್ತಾರೆ."

ಪಾನಕ

ಆಮೇಲೆ ಎಷ್ಟು ಸಲ ಘಾಟಿಗೆ ಹೋದನೋ! ಒಮ್ಮೆ ಮೀನಿನ ಪಿಕಪ್ಪಿನವ ಎತ್ತಿ ಹಾಕಿಕೊಂಡ, ಒಮ್ಮೆ ಮದುವೆಯ ವ್ಯಾನಿನವರು ಬಲವಂತದಿಂದ ಕೂರಿಸಿ ಊಟವನ್ನೂ ಹಾಕಿಸಿದರು. ಕೊನೆಗೆ ನನ್ನ ಕಾಲಿಗೆ ಬೀಳುವುದೊಂದು ಬಾಕಿ. "ಮಾಷ್ಟ್ರೇ, ಸ್ಕೂಟರಿನಲ್ಲಿ ನನ್ನ ಹಿಂದೆ ಬನ್ನಿ. ಸಹಾಯಕ್ಕೆ ಯಾರು ಬಂದರೂ ಓಡಿಸಿ."

ಹೋದೆವು. ಶಿವರಾತ್ರಿ ಹತ್ತಿರ ಇತ್ತು. ಘಟ್ಟದ ಮೇಲಿನವರು ಧರ್ಮಸ್ಥಳಕ್ಕೆ ನಡೆದುಕೊಂಡು ಇಳಿಯುವ ಸಮಯ. ಇವನು ತುಳಿದ, ನೋಡಿ, ಭೂತ ಹಿಡಿದವನ ಹಾಗೆ ತುಳಿದ. ಇನ್ನೇನು ಕೆಲವೇ ತಿರುವು ಉಳಿದಿತ್ತು. ಆಗ ಎದುರಿನಿಂದ ಯಾತ್ರಿಕರ ದೊಡ್ಡ ಗುಂಪು ಬಂತು.

"ಅಯ್ಯೋ ಅಣ್ಣಾ, ದಾರಿ ತಪ್ಪೀರಿ! ಧರ್ಮಸ್ಥಳ ಆ ಕಡೆ ಐತೆ!"

ನಾಲ್ಕು ಜನ ಇವನನ್ನು ಸೈಕಲ್ ಸಮೇತ ಎತ್ತಿ ಕೆಳಮುಖ ಮಾಡಿ ನಿಲ್ಲಿಸಿದರು. ಏದುಸಿರಿನಲ್ಲಿ ಇವನಿಗೆ ಮಾತೇ ಹೊರಡುತ್ತಿಲ್ಲ. ಅದನ್ನು ಅವರು ಭಕ್ತಿ ಎಂದುಕೊಂಡರು. ಒಬ್ಬ ಕಾಲಿಗೆ ಎಣ್ಣೆ ತಿಕ್ಕಿದ. ಓಡಿಸಲು ಹೋದ ನನ್ನ ಕೈಗೆ ಒಂದು ಲೋಟ ಪಾನಕ ಬಂತು. "ಇನ್ನು ತುಳಿಯೋದೇ ಬ್ಯಾಡ ಅಣ್ಣಾ, ಬರೀ ಇಳಿಜಾರು" ಎಂದು ಎಲ್ಲರೂ ಸೇರಿ ಹಿಂದಿನಿಂದ ತಳ್ಳಿಬಿಟ್ಟರು.

ಕೆಳಗೆ ಚಾರ್ಮಾಡಿ ಪೇಟೆಯ ಹತ್ತಿರ ಸಿಕ್ಕಿದ. ಮೋರಿಯ ಮೇಲೆ ಕುಳಿತು ಮಗುವಿನ ಹಾಗೆ ಅಳುತ್ತಿದ್ದ. "ಒಬ್ಬನಾದರೂ ಬೈದಿದ್ದರೆ ಜಗಳ ಮಾಡಿಯಾದರೂ ಹತ್ತುತ್ತಿದ್ದೆ ಮಾಷ್ಟ್ರೇ. ಎಲ್ಲರೂ ಒಳ್ಳೆಯವರೇ ಆದರೆ ನಾನು ಮಾಡುವುದೇನು?"

ಬಂದ್

ಮುಂದಿನ ಮಳೆಗಾಲ ಮುಗಿದ ಮೇಲೆ ಯಾವುದೋ ಗಲಾಟೆಗೆ ಬಂದ್ ಮಾಡಿದರು. ಬಂಟ್ವಾಳದಲ್ಲಿ ಕಲ್ಲು ಬಿದ್ದಿದೆ, ಕಲ್ಲಡ್ಕದಲ್ಲಿ ಟಯರು ಸುಡುತ್ತಿದ್ದಾರೆ ಎಂದು ಸುದ್ದಿ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಇವನಿಗೆ ಎದೆನೋವು ಬಂತು. ರಿಕ್ಷಾದವನಿಗೆ ಫೋನ್ ಮಾಡಿದೆ, "ಗ್ಲಾಸು ಒಡೆಯುತ್ತಾರೆ" ಎಂದ. ಜೀಪಿನವನು ಫೋನೇ ಎತ್ತಲಿಲ್ಲ. ಆಂಬುಲೆನ್ಸಿನವರು "ರಸ್ತೆ ಬಿಡ್ತಾ ಇಲ್ಲ, ನೋಡುವ" ಎಂದರು. ನನ್ನ ಸ್ಕೂಟರ್ ಗ್ಯಾರೇಜಿನಲ್ಲಿತ್ತು. ಇಡೀ ತಾಲೂಕು ಬೇಡಬೇಡವೆಂದರೂ ಎತ್ತಿ ಕೂರಿಸಿಕೊಂಡಿದ್ದ ಮನುಷ್ಯನಿಗೆ ಆ ದಿನ ಒಂದು ಚಕ್ರ ಸಿಗಲಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ, ಇಳಿಯುವುದೂ ಇಲ್ಲ.

ಅವನನ್ನು ಅವನದೇ ಸೈಕಲಿನ ಸೀಟಿನಲ್ಲಿ ಕೂರಿಸಿದೆ. ಹೆಂಡತಿ ಒಂದು ಬದಿಯಿಂದ ಹಿಡಿದುಕೊಂಡಳು, ನಾನು ಹಿಂದಿನಿಂದ ತಳ್ಳಿದೆ. ಡಾಕ್ಟರ ಮನೆ ಇದ್ದದ್ದು ಒಂದು ಮೈಲು ದೂರ, ಅದೂ ಏರು. ಅವರ ಗೇಟು ತೆರೆಯುವಾಗ ನನ್ನ ದೋಸ್ತಿ ಹೋಗಿ ಆಗಿತ್ತು.

ದಾರಿಯಲ್ಲಿ ಅವನು ಮಾತನಾಡಿದ್ದು ಒಂದೇ ಸಲ. ಅರ್ಧ ಏರಿನಲ್ಲಿ ತಲೆ ಎತ್ತಿ ಆಚೆ ಈಚೆ ನೋಡಿದ. ಬಸ್ಸಿಲ್ಲ, ಪಿಕಪ್ ಇಲ್ಲ, ನರಪಿಳ್ಳೆ ಇಲ್ಲ. ನಾನು ಏದುತ್ತಾ, "ಎಂಥ ಬೇಕು ಮಾರಾಯ?" ಎಂದು ಕೇಳಿದೆ.

ಅವನ ಮುಖ ಅರಳಿತು. "ರಸ್ತೆ ನೋಡಿ ಮಾಷ್ಟ್ರೇ! ಸಹಾಯ ಮಾಡಲಿಕ್ಕೆ ಒಬ್ಬನೂ ಇಲ್ಲ. ಡಾಕ್ಟ್ರು ನಾಳೆ ಆಗಲಿ, ಇವತ್ತು ಘಾಟಿಗೇ ಹೋಗುವ."