ಪೂರ್ವಕ್ಕೆ ಮುಖ ಮಾಡಿದ ಎಂಜಿನ್

ಮೈಸೂರಿನಲ್ಲಿ ವಿಂಟೇಜ್ ಕಾರು ಇಟ್ಟುಕೊಂಡವರು ಎರಡೇ ಬಗೆ. ಅರಮನೆಯ ಕಡೆಯ ನಂಟಿದ್ದವರು, ಮತ್ತು ನಾನು. ಅವರಿಗೆ ಕಾರು ತಾತನಿಂದ ಬಂತು. ನನಗೆ ಗುಜರಿಯಿಂದ ಬಂತು, ಅದೂ ಬಿಡಿಬಿಡಿಯಾಗಿ. ಮಡ್‌ಗಾರ್ಡು ಬಂದ ಎಷ್ಟೋ ತಿಂಗಳ ಮೇಲೆ ಸ್ಟಿಯರಿಂಗ್ ಬಂತು. ಯಾವ ಕಂಪನಿಯೂ ತನ್ನ ಕೂಸು ಎಂದು ಒಪ್ಪಿಕೊಳ್ಳದ ಅಂಗಾಂಗಗಳನ್ನು ಜೋಡಿಸಿ ನಾನೇ ಕಟ್ಟಿದ ಆ ಮಹಾರಥಕ್ಕೆ ನಾನೇ ‘ಸ್ಪೆಷಲ್’ ಅಂತ ಹೆಸರಿಟ್ಟೆ. ಹೆಬ್ಬಾಳದ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ನಟ್ಟು ಬೋಲ್ಟು ಎಣಿಸಿ ಸಂಬಳ ತಗೊಳ್ಳುವವನು ನಾನು. ಬೋಲ್ಟು ಎಣಿಸಬಲ್ಲವನಿಗೆ ಕಾರು ಕಟ್ಟುವುದೇನು ಮಹಾ ಅನ್ನುವುದು ನನ್ನ ಸಿದ್ಧಾಂತ.

ಸಿದ್ಧಾಂತ ಬದುಕಿತು. ಎಂಜಿನ್ ಸತ್ತಿತು.

ಸತ್ತ ಜಾಗ, ಒಂಟಿಕೊಪ್ಪಲಿನಲ್ಲಿರುವ ನಮ್ಮತ್ತೆ ಪುಟ್ಟಲಿಂಗಮ್ಮನವರ ಮನೆಯ ಪೋರ್ಟಿಕೋ. ಅದೇ ಮನೆಯ ಮಹಡಿಯಲ್ಲಿ ನಾನು ಮತ್ತು ನನ್ನ ಹೆಂಡತಿ ಧರಣಿ ಇರುವುದು. ಸ್ಪೆಷಲ್ ಪೋರ್ಟಿಕೋ ಹೊಕ್ಕ ದಿನದಿಂದ ಧರಣಿಯ ಸ್ಕೂಟರ್ ಬೀದಿಯ ಹೊಂಗೆ ಮರದ ಕೆಳಗೆ ವನವಾಸದಲ್ಲಿತ್ತು. ದಿನಾ ಬೆಳಿಗ್ಗೆ ಅವಳು ಕಾಗೆಗಳ ಪ್ರಸಾದವನ್ನು ಬಟ್ಟೆಯಿಂದ ಒರೆಸುತ್ತಾ ನನ್ನ ಹೆಸರನ್ನು ಜಪಿಸುತ್ತಿದ್ದಳು. ಗಂಡನ ಹೆಸರನ್ನು ಹೆಂಗಸರು ಹೇಳಬಾರದು ಅಂತ ಹಿರಿಯರು ಯಾಕೆ ಅಂದಿದ್ದರೋ ನನಗೆ ಆಗ ಅರ್ಥವಾಯಿತು.

ಇಷ್ಟರಲ್ಲಿ ಧರಣಿಯ ತಂಗಿ ಬಿಂದುವಿಗೆ ಮದುವೆ ಗೊತ್ತಾಯಿತು. ಜಯಲಕ್ಷ್ಮಿಪುರಂನಲ್ಲಿ ಛತ್ರ. ಬೀಗರು ಮಾತುಕತೆಗೆ ಬಂದು ಉಪ್ಪಿಟ್ಟು ತಿನ್ನುತ್ತಾ, ಪೋರ್ಟಿಕೋದಲ್ಲಿರುವುದು ಏನು ಅಂತ ಕೇಳಿಬಿಟ್ಟರು. ನನ್ನ ಎದೆ ಎರಡು ಇಂಚು ಅಗಲವಾಯಿತು.

“ವರಪೂಜೆ ಸಂಜೆ ಬಿಂದೂನ ಛತ್ರಕ್ಕೆ ಅದರಲ್ಲೇ ಕರ್ಕೊಂಡು ಬರ್ತೀನಿ, ನೋಡ್ತಿರಿ,” ಅಂದೆ.

ಧರಣಿ ಕಾಫಿ ಲೋಟ ಇಟ್ಟಳು. “ಬಹಳ ಸಂತೋಷ. ಕರ್ಕೊಂಡು ಹೋದ್ರೆ ಕಾರು ಇಲ್ಲೇ ಇರ್ಲಿ. ಇಲ್ದಿದ್ರೆ ಮದುವೆ ಮಾರನೇ ದಿನ ಗುಜರಿಗೆ. ಅಮ್ಮ, ನೀನೇ ಸಾಕ್ಷಿ.”

ಎಂಜಿನ್ ಹುಡುಕುವುದೂ ಗಂಡು ಹುಡುಕುವುದೂ ಒಂದೇ. ಊರೆಲ್ಲಾ ಸಲಹೆ ಕೊಡುತ್ತೆ, ಬಾಳುವವರು ಮಾತ್ರ ನಾವೇ. ನಮ್ಮ ಆಫೀಸಿನ ಅಕೌಂಟ್ಸಿನ ಮೃತ್ಯುಂಜಯ, ಜನ್ಮದಲ್ಲಿ ಸೈಕಲ್ ಚೈನು ಹಾಕಿದವನಲ್ಲ, ಅಂಬಾಸಿಡರ್ ಎಂಜಿನ್ನೇ ಆಗಬೇಕು, ಅದಕ್ಕೊಂದು ಗಾಂಭೀರ್ಯ ಇದೆ ಅಂತ ಅಪ್ಪಣೆ ಕೊಡಿಸಿದ. ಹೋಗಿ ಗಾಂಭೀರ್ಯ ನೋಡಿಕೊಂಡು ಬಂದೆ. ಅದನ್ನು ಹೊರಿಸಿದ್ದರೆ ನನ್ನ ಕಾರು ಬೆಟ್ಟದ ಬಸವಣ್ಣನ ಹಾಗೆ ಮುಂಗಾಲು ಮಡಿಸಿ ಶಾಶ್ವತವಾಗಿ ಕೂತುಬಿಡುತ್ತಿತ್ತು. ಎದುರು ಮನೆಯ ವೆಂಕಟಸುಬ್ಬಯ್ಯನವರು ಸೇತುವೆ ಕಟ್ಟಿ ನಿವೃತ್ತರಾದ ಇಂಜಿನಿಯರ್. ಓಡಾಡುವ ವಸ್ತುಗಳ ಮೇಲೆ ಅವರಿಗೆ ನಂಬಿಕೆಯೇ ಇಲ್ಲ. ಆದರೂ ಗೂಡ್ಸ್ ಆಟೋದ ಡೀಸೆಲ್ ಎಂಜಿನ್ ಹಾಕು ಅಂದರು. ಅದರ ಸದ್ದು ಕೇಳಿದೆ. ಮದುವೆ ಹೆಣ್ಣನ್ನು ಅದರಲ್ಲಿ ಕೂರಿಸಿಕೊಂಡು ಹೊರಟರೆ ದಾರಿಯುದ್ದಕ್ಕೂ ಜನ ಚೀಲ ಹಿಡಿದು ಬಂದು ಟೊಮೇಟೊ ಹೇಗೆ ಅಂತ ಕೇಳುತ್ತಾರೆ.

ಸಂಸಾರದಲ್ಲಿ ಪ್ರಜಾಪ್ರಭುತ್ವ ಇರಲಿ ಅಂತ ಧರಣಿಯನ್ನೂ ಕೇಳಿದೆ.

“ಮಿಕ್ಸಿ ಮೋಟಾರ್ ಹಾಕಿ,” ಅಂದಳು. “ಓಡದೆ ಇದ್ರೂ ಚಟ್ನಿಯಾದ್ರೂ ಆಗುತ್ತೆ.”

ಕೊನೆಗೆ ಈ ಅಜ್ಞಾನಿಗಳನ್ನೆಲ್ಲಾ ಬದಿಗೊತ್ತಿ ನನ್ನ ಸ್ವಂತ ಬುದ್ಧಿಯಿಂದ ಆರಿಸಿದ್ದು ಹಳೇ ಮಾರುತಿ ಎಂಟುನೂರರ ಎಂಜಿನ್. ಹಗುರ. ಎಂಜಿನ್ನು, ಗೇರ್ ಬಾಕ್ಸು ಎಲ್ಲಾ ಒಂದೇ ಗಂಟು. ನನ್ನ ಕಾರಿನ ಮೂತಿ ದೋಣಿಯ ಹಾಗೆ ಚೂಪು, ಮುಂದೆ ಜಾಗವಿಲ್ಲ. ಹಿಂದೆ, ಡಿಕ್ಕಿ ಇರುವಲ್ಲಿ ಕೂರಿಸುವುದು ಅಂತ ತೀರ್ಮಾನವಾಯಿತು. ಮಂಡಿ ಮೊಹಲ್ಲಾದ ವೆಲ್ಡರ್ ಮಂಟಯ್ಯ ನನಗೆ ತಕ್ಕ ಜೋಡಿ. ಗೊತ್ತಿಲ್ಲ ಅನ್ನುವ ಮಾತು ಅವನಿಗೂ ಗೊತ್ತಿರಲಿಲ್ಲ. “ಕಬ್ಬಿಣ ಅಂದ್ಮೇಲೆ ಕೂರ್ಲೇಬೇಕು ಸಾ,” ಅಂದ.

ಎಂಜಿನ್ ಮನೆಗೆ ಬಂದಿತು. ಗೇಟಿನಲ್ಲೇ ನಮ್ಮತ್ತೆ ತಡೆದರು. ಮಾರುತಿ ಅಂದಮೇಲೆ ಆಂಜನೇಯನೇ ಬಂದ ಹಾಗೆ, ಪೂಜೆಯಿಲ್ಲದೆ ಒಳಗೆ ಬಿಡುವುದುಂಟೇ? ಪೋರ್ಟಿಕೋದಲ್ಲಿ ಮಣೆ ಹಾಕಿ, ಎಂಜಿನ್ನನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿ, ಅರಿಶಿನ ಕುಂಕುಮ ಇಟ್ಟು, ವಡೆಮಾಲೆಯನ್ನೂ ಹಾಕಿದರು. ವಡೆಯಿಂದ ಸೋರಿದ ಎಣ್ಣೆ ಯಾವುದು, ಎಂಜಿನ್ನಿನಿಂದ ಸೋರಿದ ಎಣ್ಣೆ ಯಾವುದು ಅಂತ ಕೊನೆಗೂ ತಿಳಿಯಲಿಲ್ಲ. ಪ್ರಸಾದವನ್ನು ಮೃತ್ಯುಂಜಯನಿಗೆ ಕೊಟ್ಟೆ.

ಮಂಗಳಾರತಿ ಆದಮೇಲೆ ನಮ್ಮತ್ತೆ ಅಂದರು: “ಪೂಜೆ ಆದ್ಮೇಲೆ ಮುಖ ತಿರುಗಿಸ್ಬಾರ್ದು ಅಳಿಯಂದ್ರೇ. ಎಂಗೈತೋ ಅಂಗೇ ಒಳಕ್ಕೆ ಕೂರ್ಸಿ.”

ನಮ್ಮದು ಪೂರ್ವದ ಬಾಗಿಲಿನ ಮನೆ. ಕಾರು ಮನೆಯ ಕಡೆಗೆ ಮೂತಿ, ಬೀದಿಯ ಕಡೆಗೆ ಬೆನ್ನು ಮಾಡಿ ನಿಂತಿತ್ತು. ಎಂಜಿನ್ ಬೀದಿಯನ್ನು ನೋಡುತ್ತಿತ್ತು. ಮಂಟಯ್ಯ ಅದನ್ನು ಚೈನಿನಲ್ಲಿ ಎತ್ತಿ, ಎಂಗೈತೋ ಅಂಗೇ ಡಿಕ್ಕಿಯೊಳಕ್ಕೆ ನೂಕಿ, ನಾಲ್ಕೂ ಕಡೆ ಬೆಸುಗೆ ಹಾಕಿದ. ಅಚ್ಚು ಹೊಯ್ದ ಹಾಗೆ ಕೂತಿತು! ಎಂಜಿನ್‌ಗೆ ಮುಖ ಅಂತ ಒಂದಿರುತ್ತೆ, ಮುಖ ಇದ್ದ ಕಡೆಗೇ ಅದು ಓಡುತ್ತೆ ಅನ್ನುವ ಸಣ್ಣ ಸಂಗತಿ ಮಹಾಮೇಧಾವಿಗಳಾದ ನಮ್ಮಿಬ್ಬರ ತಲೆಗೂ ಹೊಳೆಯಲೇ ಇಲ್ಲ.

ವೈರು, ಪೈಪು ಅಂತ ಎಳೆದಾಡಿ ಕೆಲಸ ಮುಗಿದದ್ದು ವರಪೂಜೆಯ ಸಂಜೆಯೇ. ನೆಂಟರೆಲ್ಲಾ ಸಿಕ್ಕ ವಾಹನಗಳಲ್ಲಿ ಛತ್ರಕ್ಕೆ ಹೋಗಿಯಾಗಿತ್ತು. ಆರು ಗಂಟೆಯೊಳಗೆ ಹೆಣ್ಣು ಛತ್ರದ ಹೊಸಿಲು ತುಳಿಯಬೇಕು. ಸೇವಂತಿಗೆ ಹಾರ ಹಾಕಿಕೊಂಡ ಸ್ಪೆಷಲ್‌ನಲ್ಲಿ ನಾನು ವಿರಾಜಮಾನನಾಗಿ, ಹಿಂದಕ್ಕೆ ಹೋಗಲು ರಿವರ್ಸ್ ಗೇರು ಹಾಕಿದೆ. ಕಾರು ಮುಂದಕ್ಕೆ ನುಗ್ಗಿ ರಂಗೋಲಿ ಅಳಿಸಿ, ಮೆಟ್ಟಿಲಿಗೆ ಗುದ್ದಿ, ಬಾಳೆಕಂದನ್ನು ಅಪ್ಪಿಕೊಂಡಿತು. ಆ ಹೊಡೆತಕ್ಕೆ ರಿವರ್ಸ್ ಗೇರು ಕಡೆಯುಸಿರೆಳೆಯಿತು. ಫಸ್ಟ್ ಗೇರು ಹಾಕಿದೆ. ಕಾರು ರಾಜಗಾಂಭೀರ್ಯದಿಂದ ಹಿಂದಕ್ಕೆ ಚಲಿಸಿ ಬೀದಿಯಲ್ಲಿ ನಿಂತಿತು.

ಒಟ್ಟಿನಲ್ಲಿ ಹಿಂದಕ್ಕೆ ಹೋಗಲು ನಾಲ್ಕು ಗೇರು. ಮುಂದಕ್ಕೆ ಒಂದೂ ಇಲ್ಲ.

ಮಂಟಯ್ಯನ ಕಡೆ ತಿರುಗಿದೆ. “ಓಡ್ಬೇಕು ಅಂದ್ರಿ ಸಾ, ಓಡ್ತಾ ಐತೆ,” ಅಂದ. “ಯಾವ ಕಡೀಕೆ ಅಂತ ನೀವು ಹೇಳ್ಲೇ ಇಲ್ವಲ್ಲ.”

ಉಳಿದಿದ್ದ ಇನ್ನೊಂದು ವಾಹನ ಧರಣಿಯ ಸ್ಕೂಟರ್. ಬಿಂದು ಅದನ್ನು ನೋಡಿದಳು, ತನ್ನ ಮೊಗ್ಗಿನ ಜಡೆ ಮುಟ್ಟಿಕೊಂಡಳು, ಕಾರು ಹತ್ತಿದಳು. “ಹೆಂಗಾದ್ರೂ ಹೋಗಲಿ ಭಾವ, ಹೋದ್ರೆ ಸಾಕು.” ಪಕ್ಕದಲ್ಲಿ ನಮ್ಮತ್ತೆ ಕೂತರು.

ಹೊರಟೆವು. ಧರಣಿ ಸ್ಕೂಟರಿನಲ್ಲಿ ದಾರಿ ಬಿಡಿಸುತ್ತಾ ಸಾಗಿದಳು. ನಾನು ಕೊರಳನ್ನು ಗೂಬೆಯ ಹಾಗೆ ತಿರುಚಿಕೊಂಡು ಅವಳ ಕೈಸನ್ನೆ ನೋಡುತ್ತಾ, ಬೆನ್ನು ಮುಂದಾಗಿ ಹಿಂಬಾಲಿಸಿದೆ. ಸರ್ಕಲ್‌ನಲ್ಲಿ ಪೊಲೀಸಪ್ಪ ತಡೆಯಲು ಓಡಿಬಂದು ಕಾನೂನಿನ ಪ್ರಕಾರ ಬಾನೆಟ್ಟಿನ ಎದುರು ಅಡ್ಡ ನಿಂತ. ನಾವು ಅವನಿಗೆ ಕೈ ಮುಗಿದು ದೂರವಾದೆವು.

ಛತ್ರದ ಬಾಗಿಲಲ್ಲಿ ಬೀಗರು ಆರತಿ ಹಿಡಿದು ನಿಂತಿದ್ದರು. ಮೊದಲು ತಲುಪಿದ್ದು ನಮ್ಮ ಸೈಲೆನ್ಸರ್. ಆರತಿ ಅದಕ್ಕೇ ಆಯಿತು. ಧರಣಿ ನನ್ನನ್ನು ನೋಡಿದ ನೋಟದಲ್ಲಿ ಗುಜರಿಯ ತಕ್ಕಡಿ ಕಾಣುತ್ತಿತ್ತು. ಆಗ ನಮ್ಮತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಇಳಿದರು.

“ಎಲ್ಲಾ ಹೆಣ್ಮಕ್ಳೂ ತವರಿಗೆ ಬೆನ್ನು ಹಾಕಿ ಹೋಗ್ತವೆ. ನನ್ ಮಗಳು ತಿರುವು ಬರೋಗಂಟ ನಮ್ಮನೆ ಬಾಗ್ಲು ನೋಡ್ಕೊಂಡೇ ಬಂದ್ಲು ಕಣಮ್ಮ,” ಅಂತ ಬೀಗಿತ್ತಿಯ ಕೈ ಹಿಡಿದರು.

ಬೀಗಿತ್ತಿ ಅತ್ತರು. ಅಡುಗೆಯವರೂ ಹೊರಗೆ ಬಂದು ಮೂಗು ಒರೆಸಿಕೊಂಡರು. ನಾನು, ಎಲ್ಲಾ ಮೊದಲೇ ಯೋಚಿಸಿ ಮಾಡಿದವನ ಹಾಗೆ, ಕೈ ಕಟ್ಟಿ ನಿಂತೆ. ತಿರುಚಿದ ಕೊರಳು ಮಾತ್ರ ನೇರವಾಗಲಿಲ್ಲ. ಕಾರು ಉಳಿಯಿತು.

ಇಷ್ಟಕ್ಕೆ ನಿಲ್ಲಿಸಿದ್ದರೆ ನಾನು ನಾನೇ ಅಲ್ಲ. ಹಿಂದಕ್ಕೆ ಓಡುವ ಕಾರಿನ ಯಜಮಾನ ಅಂತ ಆಫೀಸಿನಲ್ಲಿ ಮೃತ್ಯುಂಜಯ ನಗುತ್ತಿದ್ದ, ನನ್ನ ವಡೆ ತಿಂದವನು! ಸ್ವಾಭಿಮಾನ ಕೆರಳಿತು. ರಜೆ ಹಾಕಿ, ಮಂಟಯ್ಯನನ್ನು ಕರೆಸಿ, ಬೆಸುಗೆ ಕತ್ತರಿಸಿ, ಗೇರು ರಿಪೇರಿ ಮಾಡಿಸಿ, ಎಂಜಿನ್ನಿನ ಮುಖ ತಿರುಗಿಸಿದೆ. ಕಾರು ಲಕ್ಷಣವಾಗಿ ಮುಂದಕ್ಕೆ ಓಡಿತು.

ಅವತ್ತೇ ಸಂಜೆ ವೆಂಕಟಸುಬ್ಬಯ್ಯನವರು ಬಂದರು. ಮೊಮ್ಮಗಳ ಮದುವೆಯಂತೆ, ಮನೆಯ ಹೆಂಗಸರೆಲ್ಲಾ ಬಿಂದು ಹೋದ ಹಾಗೇ ಕಳಿಸಬೇಕು ಅಂತ ಹಟವಂತೆ. “ನಿನ್ನ ಕಾರು ಬೇಕಿತ್ತಪ್ಪ,” ಅಂದರು.

ನಾನು ಉಬ್ಬಿದೆ. “ಧಾರಾಳವಾಗಿ ಸಾರ್! ಈಗ ಸರಿ ಮಾಡಿಸಿದ್ದೀನಿ, ಮುಂದಕ್ಕೇ ಹೋಗುತ್ತೆ.”

ಅವರ ಮುಖ ಇಳಿಯಿತು. “ಮುಂದಕ್ಕೆ ಹೋಗೋವು ನಮ್ಮನೇಲೇ ಎರಡಿವೆ ಬಿಡು,” ಅಂತ ಎದ್ದು ಹೋದರು.

ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡ ಧರಣಿ ಕೆಳಗಿಳಿದು, ಕಾರನ್ನು ಬೀದಿಗೆ ತೆಗೆಸಿ, ಸ್ಕೂಟರನ್ನು ಪೋರ್ಟಿಕೋದೊಳಗೆ ನಿಲ್ಲಿಸಿ, ಕಾಗೆ ಒರೆಸುವ ಬಟ್ಟೆಯನ್ನು ನನ್ನ ಹೆಗಲ ಮೇಲೆ ಹಾಕಿ ಹೋದಳು.

ಈಗ ದಿನಾ ಬೆಳಿಗ್ಗೆ ಹೊಂಗೆ ಮರದ ಕೆಳಗೆ ನನ್ನ ಸೇವೆ. ಕಾರು ಯಾವ ಕಡೆ ಓಡುತ್ತೆ ಅನ್ನುವ ಚಿಂತೆ ಕಾಗೆಗಳಿಗಿಲ್ಲ. ಅವು ಹಿಂದೆಮುಂದೆ ನೋಡುವುದಿಲ್ಲ.